ಸಕ್ಕರೆ ಸ್ಕ್ರಬ್ ಡಬ್ಬಿಯಲ್ಲಿ ಕಪ್ಪು ಚುಕ್ಕೆ ಬಂದಿದೆ, ಮೇಲಿನದನ್ನು ತೆಗೆದು ಉಳಿದದ್ದು ಬಳಸಬಹುದಾ?

ಸೋಪುಗುಳ್ಳೆ

ಎರಡು ವಾರದ ಹಿಂದೆ ಮೊದಲ ಸಲ ಮನೆಯಲ್ಲೇ ಬಾಡಿ ಸ್ಕ್ರಬ್ ಮಾಡಿದೆ. ಒಂದು ಕಪ್ ಸಕ್ಕರೆ, ಅರ್ಧ ಕಪ್ ಕೊಬ್ಬರಿ ಎಣ್ಣೆ, ಕಾಫಿ ಸೋಸಿದ ಮೇಲೆ ಉಳಿದ ಚರಟ ಮೂರು ಚಮಚ. ಚರಟವನ್ನು ಕೈಯಲ್ಲಿ ಚೆನ್ನಾಗಿ ಹಿಂಡಿಯೇ ಹಾಕಿದ್ದೆ. ಗಾಜಿನ ಡಬ್ಬಿಗೆ ತುಂಬಿ ಬಚ್ಚಲಲ್ಲೇ ಇಟ್ಟೆ. ಮೊದಲ ವಾರ ಎಷ್ಟು ಖುಷಿ ಅಂದರೆ, ಕಾಲು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇವತ್ತು ಮುಚ್ಚಳ ತೆಗೆದರೆ ಅಂಚಿನಲ್ಲಿ ನಾಲ್ಕೈದು ಕಪ್ಪು ಚುಕ್ಕೆ. ಮೊದಲು ಕಾಫಿ ಪುಡಿಯೇ ಇರಬೇಕು ಅಂದುಕೊಂಡೆ. ಹತ್ತಿರ ಹಿಡಿದು ನೋಡಿದರೆ ಅದಕ್ಕೆ ಕೂದಲು! ಒದ್ದೆ ಬಟ್ಟೆ ಮೂಟೆ ಕಟ್ಟಿಟ್ಟ ಹಾಗೆ ವಾಸನೆ ಬೇರೆ. ಇನ್ನೂ ಮುಕ್ಕಾಲು ಡಬ್ಬಿ ಉಳಿದಿದೆ. ಮೇಲಿನ ಒಂದು ಪದರ ತೆಗೆದು ಉಳಿದದ್ದನ್ನು ಬಳಸಬಹುದಾ? ಎಸೆಯಲು ಹೊಟ್ಟೆ ಉರಿಯುತ್ತಿದೆ.

ತೂಕದಕಲ್ಲು

ಎಸೆಯಿರಿ. ಪೂರ್ತಿ. ಕಣ್ಣಿಗೆ ಕಾಣುವ ಚುಕ್ಕೆ ಬೂಷ್ಟಿನ ತಲೆ ಮಾತ್ರ. ಅದರ ಎಳೆಗಳು ಕೆಳಗೆ ಎಷ್ಟು ದೂರ ಹೋಗಿವೆ ಅಂತ ಕಾಣುವುದಿಲ್ಲ. ಅದನ್ನು ತೆಗೆದುಕೊಂಡು ಹೋಗಿ, ಆಗಷ್ಟೇ ತಿಕ್ಕಿ ತೆಳುವಾದ ಚರ್ಮಕ್ಕೆ ಹಚ್ಚುವುದು ಬೇಡ.

ಯಾಕೆ ಹೀಗಾಯಿತು ಅಂತ ಹೇಳುತ್ತೇನೆ. ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ. ಬರೀ ಒಣ ಸಕ್ಕರೆ, ಬರೀ ಎಣ್ಣೆ ಇದ್ದರೆ ಬೂಷ್ಟಿಗೆ ಕುಡಿಯಲು ನೀರೇ ಇಲ್ಲ. ಅಂಥ ಡಬ್ಬಿ ತಿಂಗಳುಗಟ್ಟಲೆ ಇದ್ದರೂ ಬೂಷ್ಟು ಹಿಡಿಯುವುದಿಲ್ಲ. ಎಣ್ಣೆ ಕಮಟು ಆಗಬಹುದು, ಅದು ಬೇರೆ ಕಥೆ. ನೀವು ಹಾಕಿದ ಚರಟ ಇದೆಯಲ್ಲ, ಅದೇ ಕಳ್ಳ. ಬಳಸಿದ ಕಾಫಿ ಚರಟದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಕೈಯಲ್ಲಿ ಹಿಂಡಿದರೆ ಅಷ್ಟೆಲ್ಲ ಹೋಗುವುದಿಲ್ಲ. ಮೂರು ಚಮಚ ಚರಟ ಅಂದರೆ ಸುಮಾರು ಒಂದೂವರೆ ಚಮಚ ನೀರು ಸುರಿದ ಹಾಗೆ.

ಎರಡನೇ ಕಳ್ಳ ನಿಮ್ಮ ಕೈ. ಒದ್ದೆ ಬೆರಳು ಹಾಕಿ ತೆಗೆದುಕೊಂಡಿರುತ್ತೀರಿ, ಅಲ್ವಾ? ಪ್ರತಿ ಸಲ ಒಂದೆರಡು ಹನಿ. ಸಕ್ಕರೆಗೆ ನೀರು ಅಂದರೆ ಪ್ರಾಣ, 100 ಮಿಲಿ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಆ ಪಾಕ ಗಟ್ಟಿ ಇದ್ದಷ್ಟು ಹೊತ್ತು ಬೂಷ್ಟಿಗೆ ಕಷ್ಟ. ಎಲ್ಲೋ ಒಂದು ಕಡೆ, ಅಂಚಿನಲ್ಲೋ ಮುಚ್ಚಳದ ಅಡಿಯಲ್ಲೋ, ಪಾಕ ತೆಳುವಾಯಿತು ಅನ್ನಿ, ಅಲ್ಲಿಂದ ಶುರು. ನಿಮಗೂ ಅಂಚಿನಲ್ಲೇ ಬಂದಿದ್ದು ನೋಡಿ.

ಗಡಿಬಿಡಿ

ಕೂದಲು ಬಂದ ಮೇಲೂ ಬಳಸಬಹುದಾ ಅಂತ ಕೇಳುವ ಧೈರ್ಯಕ್ಕೆ ಒಂದು ಸಲಾಂ.

ಸೋಪುಗುಳ್ಳೆ

ನಗಬೇಡಿ, ಎಸೆದೆ. ಆದರೆ ನಾನು ವಿಟಮಿನ್ ಇ ಮಾತ್ರೆ ಎರಡು ಚುಚ್ಚಿ ಹಿಂಡಿದ್ದೆ. ಅದು ಹಾಕಿದರೆ ಕೆಡುವುದಿಲ್ಲ ಅಂತ ಓದಿದ್ದೆ. ಅದೂ ಸುಳ್ಳಾ?

ತೂಕದಕಲ್ಲು

ಅರ್ಧ ನಿಜ. ಎಣ್ಣೆ ಗಾಳಿಗೆ ಸಿಕ್ಕಿ ಕಮಟು ವಾಸನೆ ಬರುತ್ತದಲ್ಲ, ವಿಟಮಿನ್ ಇ ಅದನ್ನು ನಿಧಾನ ಮಾಡುತ್ತದೆ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಅದು ಏನೂ ಮಾಡುವುದಿಲ್ಲ. ಸುಗಂಧ ತೈಲ ಹಾಕಿದರೆ ಕೆಡುವುದಿಲ್ಲ ಅನ್ನುವುದೂ ಇದೇ ಸಾಲಿನ ಮಾತು. ನಿಜವಾಗಿ ತಡೆಯಬೇಕಾದರೆ ಫಿನಾಕ್ಸಿಎಥನಾಲ್‌ನಂಥ ಸಂರಕ್ಷಕ ಬೇಕು, ಅದನ್ನು ಅಳೆದು ಹಾಕಬೇಕು. ಯುರೋಪಿನ ಸೌಂದರ್ಯ ಸಾಧನಗಳ ನಿಯಮದಲ್ಲಿ ಅದಕ್ಕೆ 1% ಮಿತಿ ಇದೆ. ಮನೆಯಲ್ಲಿ ಚಮಚದ ಲೆಕ್ಕದಲ್ಲಿ ಮಾಡುವವರಿಗೆ ಅದು ತಲೆನೋವು. ಅದಕ್ಕಿಂತ ನೀರನ್ನು ಹೊರಗಿಡುವುದು ಸುಲಭ.

ಹಿಟ್ಟಿನಡಬ್ಬ

ಅದಕ್ಕೇ ನಾನು ಎಣ್ಣೆ ಡಬ್ಬಿಯ ತಂಟೆಗೇ ಹೋಗುವುದಿಲ್ಲ. ಓಟ್ಸ್ ಅನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಒಣ ಡಬ್ಬಿಯಲ್ಲಿ ಇಡುತ್ತೇನೆ. ಸ್ನಾನದ ಹೊತ್ತಿಗೆ ಎರಡು ಚಮಚ ಬಟ್ಟಲಿಗೆ ಹಾಕಿ ನೀರೋ ಮೊಸರೋ ಕಲಸಿದರೆ ಮುಗಿಯಿತು. ಉಳಿದರೆ ಚೆಲ್ಲುತ್ತೇನೆ, ನಾಳೆಗೆ ಇಡುವುದಿಲ್ಲ. ಕಲಸಿದ ಹಿಟ್ಟು ಹುಳಿ ಬರಲು ಒಂದು ರಾತ್ರಿ ಸಾಕು.

ಪುಡಿ ಸಾಕಷ್ಟು ನುಣ್ಣಗಿದೆಯಾ ಅಂತ ನೋಡಲು ಒಂದು ಉಪಾಯ ಇದೆ. ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕಿ. ನೀರು ಹಾಲಿನ ಹಾಗೆ ಬೆಳ್ಳಗಾಗಿ, ಮುಟ್ಟಿದರೆ ಜಾರುವ ಹಾಗಿದ್ದರೆ ಸರಿ. ತಳದಲ್ಲಿ ತರಿ ಕೂತರೆ ಇನ್ನೊಂದು ಸುತ್ತು ಮಿಕ್ಸಿ. ಓಟ್ಸ್‌ನ ವಿಶೇಷ ಏನೆಂದರೆ ಅದು ತಿಕ್ಕುವುದಕ್ಕಿಂತ ನವೆ ತಣಿಸುವುದರಲ್ಲಿ ಜಾಣ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲೇ ನುಣ್ಣನೆಯ ಓಟ್ಸ್ ಪುಡಿಯನ್ನು ಚರ್ಮ ಕಾಯುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಕಡಲೆಹಿಟ್ಟನ್ನೂ ಹೀಗೇ ಬಳಸುತ್ತೇನೆ, ಆದರೆ ಅದು ಚರ್ಮವನ್ನು ಸ್ವಲ್ಪ ಒಣಗಿಸುತ್ತದೆ. ಚರ್ಮ ಬಿರಿಯುವ ಚಳಿಯಲ್ಲಿ ಬೇಡ.

ಕುಂಟೆಬಿಲ್ಲೆ

ನಾನು ಸಕ್ಕರೆ ಪಕ್ಷ, ಆದರೆ ಡಬ್ಬಿ ವಿರೋಧಿ. ಒಂದು ಸಲಕ್ಕೆ ಬೇಕಾದಷ್ಟೇ ಮಾಡುವುದು. ಸಣ್ಣ ಬಟ್ಟಲಿನಲ್ಲಿ ಎರಡು ದೊಡ್ಡ ಚಮಚ ಸಕ್ಕರೆ, ಒಂದು ದೊಡ್ಡ ಚಮಚ ಎಣ್ಣೆ. ಕಲಸಿದ ಮೇಲೆ ಚಮಚ ಬೋರಲು ಹಿಡಿದರೆ ಪಟ್ಟನೆ ಬೀಳಬಾರದು, ಯೋಚನೆ ಮಾಡಿ ಬೀಳಬೇಕು. ಅದೇ ಹದ. ಎರಡು ಕಾಲು, ಎರಡು ಕೈಗೆ ಇಷ್ಟು ಸಾಕು. ಸಕ್ಕರೆ ದಪ್ಪ ಹರಳಿನದಾದರೆ ಮಿಕ್ಸಿಯಲ್ಲಿ ಎರಡೇ ಎರಡು ಸಲ ಗುರ್ ಅನ್ನಿಸಿ. ಜಾಸ್ತಿ ಅನ್ನಿಸಿದರೆ ಹಿಟ್ಟಾಗುತ್ತದೆ, ಹಚ್ಚುವ ಮೊದಲೇ ಕರಗಿ ಹೋಗುತ್ತದೆ.

ಸಕ್ಕರೆಯನ್ನೇ ಯಾಕೆ ಹಿಡಿದುಕೊಂಡಿದ್ದೇನೆ ಅಂದರೆ, ಅದಕ್ಕೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು. ಒದ್ದೆ ಕಾಲಿನ ಮೇಲೆ ಇಟ್ಟು ತಿರುಗಿಸಲು ಶುರು ಮಾಡಿದಾಗ ಅಂಗೈ ಅಡಿಯಲ್ಲಿ ಕರಕರ ಅನ್ನುತ್ತದೆ. ನಲ್ಲಿ ನಿಲ್ಲಿಸಿ ಕೇಳಿ, ನಿಜವಾಗಿ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಮೆತ್ತಗಾಗುತ್ತದೆ, ಆಮೇಲೆ ಬರೀ ಎಣ್ಣೆ ಜಾರುತ್ತಿರುತ್ತದೆ. ಹರಳು ಕರಗಿತು, ಕೆಲಸ ಮುಗಿಯಿತು, ಮುಂದಿನ ಜಾಗಕ್ಕೆ ಹೋಗಿ. ಕಾಫಿ ಚರಟಕ್ಕೆ ಈ ಗುಣ ಇಲ್ಲ. ಅರ್ಧ ಗಂಟೆ ತಿಕ್ಕಿದರೂ ಅದು ಹಾಗೇ ಇರುತ್ತದೆ, ನಿಲ್ಲಿಸಬೇಕಾದವರು ನಾವು. ನಾವು ನಿಲ್ಲಿಸುವುದಿಲ್ಲ, ಯಾಕೆಂದರೆ ಇನ್ನೂ ತಿಕ್ಕಿದರೆ ಇನ್ನೂ ನುಣುಪು ಅಂತ ಆಸೆ. ಉಪ್ಪು ಇವೆರಡರ ನಡುವೆ. ಕರಗುತ್ತದೆ, ಆದರೆ ಸಕ್ಕರೆಯಷ್ಟು ಬೇಗ ಅಲ್ಲ. 100 ಮಿಲಿ ನೀರಿಗೆ 36 ಗ್ರಾಂ ಹತ್ತಿರ ಬಂದರೆ ಸಾಕು, ಮುಂದೆ ಕರಗುವುದಿಲ್ಲ ಅನ್ನುತ್ತದೆ. ಮೂಲೆಯೂ ಚೂಪು.

ಹರಳುಪ್ಪು

ಉಪ್ಪಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಕಾಲಿನ ಕೂದಲು ರೇಜರ್‌ನಲ್ಲಿ ತೆಗೆದ ಹತ್ತು ನಿಮಿಷಕ್ಕೆ ಉಪ್ಪಿನ ಸ್ಕ್ರಬ್ ಹಚ್ಚಿಕೊಂಡವಳು ನಾನು. ಗಾಯಕ್ಕೆ ಉಪ್ಪು ಸವರಿದ ಹಾಗೆ ಅನ್ನುವ ಮಾತನ್ನು ಅವತ್ತು ಮೊಣಕಾಲಿಂದ ಕೆಳಗೆ ಕಲಿತೆ. ಮೊದಲು ಸ್ಕ್ರಬ್, ಆಮೇಲೆ ರೇಜರ್. ಈ ಕ್ರಮದಲ್ಲಿ ಇನ್ನೊಂದು ಲಾಭ ಇದೆ, ಸತ್ತ ಪದರ ಹೋಗಿರುವುದರಿಂದ ರೇಜರ್ ಸಲೀಸಾಗಿ ಓಡುತ್ತದೆ. ವ್ಯಾಕ್ಸಿಂಗ್ ಮಾಡಿದ ಮೇಲಂತೂ ಎರಡು ದಿನ ಯಾವ ಸ್ಕ್ರಬ್ಬೂ ಬೇಡ.

ಈಗ ಉಪ್ಪನ್ನು ಹಿಮ್ಮಡಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಅಲ್ಲಿ ಚರ್ಮ ದಪ್ಪ, ತಡೆಯುತ್ತದೆ. ಅದೂ ಬಿರುಕು ಇಲ್ಲದಿದ್ದರೆ.

ನಿಂಬೆಗಾಯ

ಎಲ್ಲರೂ ಬೂಷ್ಟಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಹೆಸರು ನೋಡಿದರೆ ನನ್ನ ಕಥೆ ಗೊತ್ತಾಗುತ್ತದೆ.

ಎರಡು ಚಮಚ ಸಕ್ಕರೆಗೆ ಒಂದು ಇಡೀ ನಿಂಬೆಹಣ್ಣು ಹಿಂಡಿದೆ. ಎಣ್ಣೆ ಕೂಡ ಇಲ್ಲ. ಮೊಣಕಾಲು, ಮುಂಗೈಗೆ ತಿಕ್ಕಿ, ಹತ್ತು ನಿಮಿಷ ಹಾಗೇ ಬಿಟ್ಟೆ. ತಣ್ಣೀರಲ್ಲಿ ಅರೆಬರೆ ತೊಳೆದೆ. ಆಮೇಲೆ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿ ಸುಮಾರು ಒಂದು ಗಂಟೆ ಬಿಸಿಲಲ್ಲಿದ್ದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಕೆಂಪಗಾಗಿ ಉರಿ ಶುರುವಾಯಿತು. ಅದರ ಮಾರನೇ ದಿನ ನೀರುಗುಳ್ಳೆ. ಗುಳ್ಳೆಯ ಆಕಾರ ವಿಚಿತ್ರವಾಗಿತ್ತು. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಒಂದು ಉದ್ದ ಗೆರೆ, ರಸ ಇಳಿದು ಹೋದ ದಾರಿಯಲ್ಲೇ. ಮುಂಗೈ ಮೇಲೆ ನನ್ನದೇ ನಾಲ್ಕು ಬೆರಳಿನ ಗುರುತು. ಡಾಕ್ಟರ್ ನೋಡಿದ ಕೂಡಲೇ ಕೇಳಿದ್ದು, ನಿಂಬೆಹಣ್ಣು ಮುಟ್ಟಿ ಬಿಸಿಲಿಗೆ ಹೋಗಿದ್ದಿರಾ ಅಂತ.

ಅದಕ್ಕೆ ಫೈಟೋಫೋಟೋಡರ್ಮಟೈಟಿಸ್ ಅನ್ನುತ್ತಾರೆ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಅನ್ನುವ ವಸ್ತುಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲಿನ ಯುವಿಎ ಕಿರಣ ಬಿದ್ದರೆ ಸುಟ್ಟ ಗಾಯದ ಹಾಗೆ ಆಗುತ್ತದೆ. ಅಲರ್ಜಿ ಅಲ್ಲ, ಯಾರಿಗೆ ಬೇಕಾದರೂ ಆಗಬಹುದು. ಗುಳ್ಳೆ ವಾರದಲ್ಲಿ ಒಣಗಿತು. ಕಂದು ಗೆರೆ ಮಾತ್ರ ಮೂರು ತಿಂಗಳು ನನ್ನ ಜೊತೆಗೇ ಇತ್ತು.

ನಿಂಬೆ ಕಲೆ ತೆಗೆಯುತ್ತದೆ ಅಂತ ಹಚ್ಚಿಕೊಂಡಿದ್ದು. ಕಲೆ ಮಾಡಿಕೊಟ್ಟಿತು.

ಗಡಿಬಿಡಿ

ಅಯ್ಯೋ. ಹಾಗಾದರೆ ಬೇಕಿಂಗ್ ಸೋಡ? ಅದು ಹುಳಿ ಅಲ್ಲವಲ್ಲ.

ತೂಕದಕಲ್ಲು

ಅದು ಇನ್ನೊಂದು ತುದಿ. ಹುಳಿ ಅಳೆಯುವ ಅಂಕಿ ಪಿಎಚ್, ಅದು ಕಡಿಮೆಯಾದಷ್ಟು ಹುಳಿ ಜಾಸ್ತಿ. ಚರ್ಮದ ಮೇಲ್ಮೈ ತುಸು ಹುಳಿ, ಪಿಎಚ್ ಸುಮಾರು 5. ಸೋಡ ನೀರಿನ ಪಿಎಚ್ 8ರ ಮೇಲೆ. ನಿಂಬೆರಸ 2ರ ಆಸುಪಾಸು. ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು ವ್ಯತ್ಯಾಸ, ಒಂದು ಎರಡು ಅಂತ ಹಗುರವಾಗಿ ನೋಡಬೇಡಿ. ಸೋಡದಿಂದ ಆ ಹುಳಿ ಕವಚ ಕೆಡುತ್ತದೆ, ಚರ್ಮ ಬಿಗಿದು ಹೊಟ್ಟು ಏಳುತ್ತದೆ. ಹೊಟ್ಟು ಎದ್ದಿತು ಅಂತ ಮತ್ತೆ ಸ್ಕ್ರಬ್ ಮಾಡುತ್ತೀರಿ. ಸೋಡ ಸಿಂಕ್ ತೊಳೆಯಲು ಚೆನ್ನಾಗಿದೆ, ಅಲ್ಲೇ ಇರಲಿ.

ಮೊಣಕೈ

ನನಗೆ ತೋಳಿನ ಹಿಂಭಾಗದಲ್ಲಿ ಸಣ್ಣ ಸಣ್ಣ ಒರಟು ಗುಳ್ಳೆ, ಕೋಳಿ ಚರ್ಮದ ಹಾಗೆ. ಆರು ತಿಂಗಳಿಂದ ದಿನಾ ಕಾಫಿ ಸ್ಕ್ರಬ್ ಹಾಕಿ ತಿಕ್ಕುತ್ತಿದ್ದೇನೆ. ಹೋಗುವ ಬದಲು ಕೆಂಪಗಾಗಿದೆ. ಮೊಣಕೈ ಬೇರೆ ಮೊದಲಿಗಿಂತ ಕಪ್ಪಾಗಿದೆ. ಇನ್ನೂ ದಪ್ಪ ಹರಳಿನದು ಬಳಸಬೇಕಾ?

ಮದ್ದಿನಚೀಟಿ

ದಯವಿಟ್ಟು ನಿಲ್ಲಿಸಿ. ಚರ್ಮದ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುತ್ತೇನೆ, ದಿನಕ್ಕೆ ಒಬ್ಬರಾದರೂ ಹೀಗೆ ತಿಕ್ಕಿಕೊಂಡು ಬರುತ್ತಾರೆ.

ನೀವು ಹೇಳುವುದು ಕೆರಟೋಸಿಸ್ ಪಿಲಾರಿಸ್ ಇರಬಹುದು, ನೋಡಿ ಹೇಳಬೇಕಾದವರು ಡಾಕ್ಟರ್. ಅದರಲ್ಲಿ ಕೂದಲಿನ ಬುಡದ ರಂಧ್ರಕ್ಕೆ ಕೆರಟಿನ್ ಅನ್ನುವ ಚರ್ಮದ ಗಟ್ಟಿ ಪ್ರೋಟೀನ್ ಬಿರಡೆಯ ಹಾಗೆ ಕೂತಿರುತ್ತದೆ. ಮೇಲಿಂದ ಎಷ್ಟು ತಿಕ್ಕಿದರೂ ಬಿರಡೆ ಬರುವುದಿಲ್ಲ, ಸುತ್ತಲಿನ ಚರ್ಮ ಕೆರಳುತ್ತದೆ. ಅದಕ್ಕೆ ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲ ಇರುವ ಕ್ರೀಮ್ ಹಚ್ಚಿ ಮೆತ್ತಗೆ ಮಾಡುವುದು ದಾರಿ. ಪೂರ್ತಿ ಹೋಗುವುದು ಅಪರೂಪ, ಆದರೆ ಯಾರಿಗೂ ತೊಂದರೆ ಕೊಡುವ ಕಾಯಿಲೆ ಅದಲ್ಲ.

ಮೊಣಕೈ ಕಪ್ಪಾಗಿದ್ದು ತಿಕ್ಕಿಯೇ. ನಮ್ಮಂಥ ಕಂದು ಚರ್ಮಕ್ಕೆ ಒಂದು ಸ್ವಭಾವ ಇದೆ, ಪೆಟ್ಟು ತಿಂದ ಜಾಗದಲ್ಲಿ ಬಣ್ಣ ಜಾಸ್ತಿ ತಂದು ಸುರಿಯುತ್ತದೆ. ತಿಕ್ಕಿದರೆ ಕಪ್ಪು, ಕಪ್ಪಾಯಿತು ಅಂತ ತಿಕ್ಕು, ಮತ್ತೆ ಕಪ್ಪು. ಸ್ಕ್ರಬ್ ಹಚ್ಚಿದರೆ ಬೆಳ್ಳಗಾಗುತ್ತದೆ ಅನ್ನುವವರನ್ನು ನಂಬಬೇಡಿ. ತೊಳೆದ ಕೂಡಲೇ ಕಾಣುವ ಹೊಳಪು ಎಣ್ಣೆಯದ್ದು ಮತ್ತು ಹೊಟ್ಟು ಹೋದ ನುಣುಪಿನದ್ದು, ಬಣ್ಣದ್ದಲ್ಲ.

ಲೆಕ್ಕ ನೋಡಿ. ನಾವು ಸತ್ತ ಚರ್ಮ ಅನ್ನುವ ಹೊರಪದರ ಮೈಯ ಬಹುಪಾಲು ಕಡೆ 15ರಿಂದ 20 ಸಾಲು ಕೋಶ ಅಷ್ಟೇ, ಕಾಗದಕ್ಕಿಂತ ತೆಳು. ಹರೆಯದವರಲ್ಲಿ ಮೇಲ್ಚರ್ಮ ಸುಮಾರು ನಾಲ್ಕು ವಾರಕ್ಕೆ ತಾನೇ ಹೊಸದಾಗುತ್ತದೆ, ವಯಸ್ಸಾದಂತೆ ನಿಧಾನ. ಅಂದರೆ ಸ್ಕ್ರಬ್ ಮಾಡುವುದು ಸಣ್ಣ ಸಹಾಯ, ಉದುರಲಿರುವುದನ್ನು ಬೇಗ ಉದುರಿಸುವುದು. ವಾರಕ್ಕೆ ಒಂದು ಸಲ, ಚರ್ಮ ಗಟ್ಟಿ ಇದ್ದರೆ ಎರಡು. ಒಂದು ಜಾಗಕ್ಕೆ ಅರ್ಧ ನಿಮಿಷ. ಉಗುರುಬೆಚ್ಚಗಿನ ನೀರು. ಒತ್ತಿ ಒರೆಸದೆ, ಮೈ ಇನ್ನೂ ತುಸು ಒದ್ದೆ ಇರುವಾಗಲೇ ಮಾಯಿಶ್ಚರೈಸರ್.

ಎಕ್ಸಿಮಾ, ಸೋರಿಯಾಸಿಸ್ ಇರುವವರು, ಮೊಡವೆ ಎದ್ದಿರುವವರು, ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮ್ ಹಚ್ಚುವವರು ಸುಮ್ನೆ ಇದಕ್ಕೆ ಕೈ ಹಾಕಬೇಡಿ. ಸೋರಿಯಾಸಿಸ್‌ನಲ್ಲಿ ಉಜ್ಜಿ ಗಾಯವಾದ ಕಡೆ ಹೊಸ ಮಚ್ಚೆ ಏಳಬಹುದು. ಮೈಯ ಸ್ಕ್ರಬ್ ಮುಖಕ್ಕೆ ಯಾರಿಗೂ ಬೇಡ.

ಮೊಣಕೈ

ಆರು ತಿಂಗಳು ದಿನಾ... ಸರಿ, ಇವತ್ತಿಂದ ಬಂದ್.

ಹಿಟ್ಟಿನಡಬ್ಬ

ಒಂದು ತಕರಾರು. ಅರ್ಧ ನಿಮಿಷ ತಿಕ್ಕಿದರೆ ಕೊಳೆ ಎಲ್ಲಿ ಬರುತ್ತದೆ? ನಾನು ಹಿಟ್ಟು ಹಚ್ಚಿ ಅರೆಒಣಗಿಸಿ ಉಜ್ಜಿದರೆ ಬೂದು ಬಣ್ಣದ ಎಳೆ ಎಳೆ ಉದುರುತ್ತದೆ. ಕಣ್ಣಾರೆ ನೋಡಿದ್ದೇನೆ.

ಕುಂಟೆಬಿಲ್ಲೆ

ಅದೇ ಹಿಟ್ಟನ್ನು ಒಂದು ತೊಳೆದ ಸ್ಟೀಲ್ ತಟ್ಟೆಗೆ ಹಚ್ಚಿ, ಅರೆಒಣಗಿಸಿ, ಬೆರಳಲ್ಲಿ ಉಜ್ಜಿ ನೋಡಿ. ಏನು ಬಂತು ಅಂತ ಇಲ್ಲೇ ಬರೆಯಿರಿ.

ಹಿಟ್ಟಿನಡಬ್ಬ

ಮಾಡಿದೆ. ತಟ್ಟೆಯಿಂದಲೂ ಎಳೆ ಎಳೆ ಬಂತು. ಬಣ್ಣ ಸ್ವಲ್ಪ ಬಿಳಿ, ಅಷ್ಟೇ ವ್ಯತ್ಯಾಸ. ಅಂದರೆ ಇಷ್ಟು ವರ್ಷ ನಾನು ಕೊಳೆ ಅಂತ ಖುಷಿಪಟ್ಟಿದ್ದರಲ್ಲಿ ಹೆಚ್ಚಿನದು ಹಿಟ್ಟೇ. ತಟ್ಟೆಯನ್ನು ಇನ್ನೂ ತೊಳೆದಿಲ್ಲ, ಮನೆಯವರಿಗೆ ತೋರಿಸಬೇಕು.

ಪೈಪುವೈದ್ಯ

ನಲ್ಲಿ ರಿಪೇರಿ ನನ್ನ ಕೆಲಸ. ಒಂದು ಮನೆಯ ಬಚ್ಚಲಿನ ನೀರು ಹೋಗುತ್ತಿಲ್ಲ ಅಂತ ಕರೆದಿದ್ದರು. ಪೈಪಿನ ಬಾಗಿನಿಂದ ಕಪ್ಪು ಬೆಣ್ಣೆಯಂಥದ್ದು ಮುಷ್ಟಿ ಗಾತ್ರ ಬಂತು. ಮೂಸಿದರೆ ಕಾಫಿ! ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಬಿಸಿನೀರಿನ ಜೊತೆ ಇಳಿದು, ತಣ್ಣಗಿನ ಪೈಪಿಗೆ ಮೆತ್ತಿಕೊಳ್ಳುತ್ತದೆ. ಚರಟ ಕರಗುವುದಿಲ್ಲ, ಅದಕ್ಕೆ ಅಂಟಿ ಕೂರುತ್ತದೆ. ಮೇಲೆ ಕೂದಲು ಸೇರಿದರೆ ಒಳ್ಳೆ ಗಾರೆ. ಎಣ್ಣೆ ಹಾಕಲೇಬೇಕಾದರೆ ಚಳಿಗೂ ಗಟ್ಟಿಯಾಗದ ಸೂರ್ಯಕಾಂತಿ ಎಣ್ಣೆ ಬಳಸಿ. ಜಾಲರಿಯನ್ನೂ ಹಾಕಿ.

ಇನ್ನೊಂದು ಮಾತು, ಇದು ನನ್ನ ಕೆಲಸಕ್ಕೆ ಸೇರಿದ್ದಲ್ಲ. ಎಣ್ಣೆ ಸ್ಕ್ರಬ್ ತೊಳೆದ ಮೇಲೆ ನೆಲ ಸೋಪು ಹಾಕಿ ಉಜ್ಜಿ ಹೊರಗೆ ಬನ್ನಿ. ನಿಮ್ಮ ಮೇಲೆ ಕನಿಕರದಿಂದ ಅಲ್ಲ, ನಿಮ್ಮ ನಂತರ ಸ್ನಾನಕ್ಕೆ ಹೋಗುವ ವಯಸ್ಸಾದವರ ಸೊಂಟದ ಮೇಲೆ.

ಹರಳುಪ್ಪು

ಚರಂಡಿ ಅಂದಾಗ ನೆನಪಾಯಿತು. ನಾನು ಮನೆಯಲ್ಲಿ ಮಾಡಲು ಶುರು ಮಾಡಿದ್ದೇ ಪ್ಲಾಸ್ಟಿಕ್ ಮಣಿಗಳ ಕಾರಣಕ್ಕೆ. ಹಿಂದೆ ಅಂಗಡಿ ಸ್ಕ್ರಬ್‌ಗಳಲ್ಲಿ ತರಿಯಾಗಿ ಸಣ್ಣ ಪ್ಲಾಸ್ಟಿಕ್ ಗುಂಡು ಹಾಕುತ್ತಿದ್ದರು. ಅಮೆರಿಕದಲ್ಲಿ 2015ರಲ್ಲಿ ಅದರ ವಿರುದ್ಧ ಕಾನೂನೇ ಬಂತು. ಸಕ್ಕರೆ, ಉಪ್ಪು ನೀರಲ್ಲಿ ಕರಗಿ ಹೋಗುತ್ತವೆ, ಆ ಚಿಂತೆ ಇಲ್ಲ. ಹಾಗಂತ ಗಿಡದಿಂದ ಬಂದಿದ್ದೆಲ್ಲ ಮೆದು ಅಂದುಕೊಳ್ಳಬೇಡಿ. ಅಕ್ರೋಟ್ ಚಿಪ್ಪಿನ ಪುಡಿ ನೂರಕ್ಕೆ ನೂರು ನೈಸರ್ಗಿಕ, ಆದರೆ ಅದರ ಚೂರಿನ ಅಂಚು ಒಡೆದ ಹೆಂಚಿನ ಹಾಗೆ. ಮೊಡವೆಯ ಮೇಲೆ ಹಾಕಿದರೆ ಕೆರೆದೇ ಬಿಡುತ್ತದೆ.

ಸೋಪುಗುಳ್ಳೆ

ಮೂರು ವಾರದ ಮೇಲೆ ಬರುತ್ತಿದ್ದೇನೆ. ಬೂಷ್ಟಿನ ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು, ಎರಡು ದಿನ ಬಿಸಿಲಲ್ಲಿ ಒಣಗಿಸಿದೆ. ಈಗ ಅದರಲ್ಲಿ ಬರೀ ಪುಡಿ ಮಾಡಿದ ಒಣ ಸಕ್ಕರೆ ಇದೆ, ಅದೂ ಅಡುಗೆಮನೆಯಲ್ಲಿ, ಬಚ್ಚಲಲ್ಲಿ ಅಲ್ಲ. ಬೇಕಾದಾಗ ಬಟ್ಟಲಿಗೆ ಎರಡು ಚಮಚ, ಮೇಲೆ ಸೂರ್ಯಕಾಂತಿ ಎಣ್ಣೆ ಒಂದು ಚಮಚ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತೊಳೆದು ಒಂದು ದಿನ ಕಾದೆ. ಏನೂ ಆಗಲಿಲ್ಲ.

ನಲ್ಲಿ ನಿಲ್ಲಿಸಿ ಆ ಕರಕರ ಕೇಳಿದೆ. ಬಲಗಾಲಲ್ಲಿ ಎಣಿಸಿದೆ, ಇಪ್ಪತ್ತೆಂಟಕ್ಕೆ ಸದ್ದು ನಿಂತಿತು. ಎಡಗಾಲು ಜಾಸ್ತಿ ಒದ್ದೆ ಇತ್ತು ಅಂತ ಕಾಣುತ್ತದೆ, ಹತ್ತೊಂಬತ್ತಕ್ಕೇ ಮುಗಿಯಿತು. ಮೊದಲು ನಾನು ಒಂದು ಕಾಲಿಗೆ ಐದು ನಿಮಿಷ ತಿಕ್ಕುತ್ತಿದ್ದೆ.

ಕಾಫಿ ವಾಸನೆ ಮಾತ್ರ ತುಂಬಾ ನೆನಪಾಗುತ್ತದೆ. ಚರಟವನ್ನು ತಟ್ಟೆಯಲ್ಲಿ ಹರಡಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿ ಒಣಗಿಸಿದರೆ ನಡೆಯುತ್ತದಾ?

ತೂಕದಕಲ್ಲು

ಒಣಗುವ ಮೊದಲು ತೂಗಿ, ಒಣಗಿದ ಮೇಲೆ ತೂಗಿ. ಅರ್ಧಕ್ಕಿಂತ ಕೆಳಗೆ ಇಳಿದು, ಮತ್ತೆ ಹತ್ತು ನಿಮಿಷ ಹುರಿದರೂ ತೂಕ ಬದಲಾಗದಿದ್ದರೆ ಒಣಗಿದೆ ಅಂತ ಅರ್ಥ. ಆದರೂ ಆ ಬಟ್ಟಲಿಗೆ ಮಾತ್ರ ಹಾಕಿ, ಕಾಲು ಚಮಚ. ಜಾಲರಿ ಇದೆಯಾ?

ಸೋಪುಗುಳ್ಳೆ

ಜಾಲರಿ ಇಲ್ಲ.

ಪೈಪುವೈದ್ಯ

ನನ್ನ ನಂಬರ್ ಬೇಕಾದರೆ ಹೇಳಿ.